ಹಳೇ ಟೈಮು, ಹೊಸ ಟೈಮು

ಎಂಟರ್ ಕೀ ಮೇಲೆ ಎಣ್ಣೆಯ ಬೆರಳಚ್ಚು, ಕಿಟಕಿಯ ಬಿಸಿಲಿಗೆ ಮಿನುಗುತ್ತಿದೆ, ಒರೆಸಬೇಕು, ಆಮೇಲೆ ಒರೆಸಿದರಾಯಿತು, ಮೊದಲು ಈ ವರದಿ — ಕರ್ಲಿಗಾಶ್ ಸರ್ವರಿನ ಲಾಗ್ ಫೈಲನ್ನು ನಾಲ್ಕನೇ ಸಲ ಮೊದಲಿನಿಂದ ಓದುತ್ತಾಳೆ, ನಿನ್ನೆ ಮಧ್ಯಾಹ್ನ ಎರಡು ಹತ್ತಕ್ಕೆ ಫೆಬ್ರವರಿಯ ಆಂಬುಲೆನ್ಸ್ ಕರೆಗಳ ದಾಖಲೆಯಷ್ಟೂ ಅಳಿಸಿಹೋಗಿದೆ, ಅಳಿಸಿದ್ದು ಯಾರೆಂದು ಲಾಗ್ ಹೇಳುವುದಿಲ್ಲ, ಕೋಣೆಯ ಇಬ್ಬರಿಗೂ ಒಂದೇ ಪಾಸ್‌ವರ್ಡು, ಹೇಳಿದ್ದು ಬಾಗಿಲಲ್ಲಿ ಕೂರುವ ಕಾವಲುಗಾರನ ಪುಸ್ತಕ, ಎರಡು ಹತ್ತಕ್ಕೆ ಒಳಗಿದ್ದವರು ಪಕ್ಕದ ಮೇಜಿನ ಹಿರಿಯರು, ಅವಳು ಆಗಾ, ಅಣ್ಣ, ಎಂದು ಕರೆಯುವ ಸಗಿಂದಿಕ್ ಒಬ್ಬರೇ, ಅವಳು ಒಂದು ನಲವತ್ತಕ್ಕೇ ಹೊರಗೆ ಹೋಗಿದ್ದಳು. ಸಂಜೆಯೊಳಗೆ ಹೆಸರು ಕೊಡಮ್ಮ, ಮುದುಕನ್ನ ಮನೆಗೆ ಕಳಿಸೋಣ, ಎಂದಿದ್ದಾನೆ ಮೇಲಧಿಕಾರಿ ದೌಲೆತ್, ಪೆನ್ಶನ್ನಿಗೆ ಇನ್ನೆರಡೇ ವರ್ಷ ಇರುವ ಮನುಷ್ಯನನ್ನು — ಆಗಾ ಬೆಳಿಗ್ಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು, ನಾನಲ್ಲ ಕಣೆ ಐನಾಲಾಯಿನ್, ನನ್ನ ಬಂಗಾರ, ನೀನಾದ್ರೂ ನಂಬ್ತೀಯಲ್ಲ, ಅವಳು ಪರದೆಯಿಂದ ಕಣ್ಣೆತ್ತಿರಲಿಲ್ಲ, ಲಾಗ್ ಸುಳ್ಳು ಹೇಳುತ್ತದೆಯೇ, ಅದಕ್ಕೆ ನಂಟರೇ ಇಷ್ಟರೇ — ಆದರೆ ಇದೇನು, ಆಫೀಸೆಲ್ಲ ಊಟಕ್ಕೇಳುವುದು ಒಂದು ಗಂಟೆಗೆ, ಲಾಗಿನಲ್ಲಿ ಮಾತ್ರ ಎಲ್ಲರೂ ಎರಡಕ್ಕೆ ಎದ್ದಿದ್ದಾರೆ, ನಿನ್ನೆಯೂ ಹಾಗೇ, ಮೊನ್ನೆಯೂ ಹಾಗೇ, ಮಾರ್ಚ್ ಒಂದರಿಂದಲೂ ಹಾಗೇ.

ಮಾರ್ಚ್ ಒಂದು — ಆಲ್ಮಾಟಿಯ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದೆ ಸರಿದ ದಿನ, ಆಗಾ ಕುರ್ಚಿ ಹತ್ತಿ ಗೋಡೆ ಗಡಿಯಾರದ ಮುಳ್ಳನ್ನು ಬೆರಳಲ್ಲೇ ತಿರುಗಿಸಿದ್ದರು, ತೂತು ಬಿದ್ದ ಕಾಲುಚೀಲ ನೋಡಿ ಅವಳು ನಕ್ಕಿದ್ದಳು, ಆಗಾ, ಹೆಬ್ಬೆಟ್ಟು ಟೈಮು ನೋಡೋಕೆ ಹೊರಗೆ ಬಂದಿದೆ, ಅವರೂ ನಕ್ಕು, ಗೋಡೆಗೇನೋ ನಾನು ಹೇಳ್ದೆ, ನಿನ್ನ ಸರ್ವರಿಗೆ ಯಾರು ಹೇಳ್ತಾರೆ, ಅಂದಿದ್ದರು, ನಾನೇ ಹೇಳ್ತೀನಿ ಆಗಾ, ಸೋಮವಾರ, ಅಂದಿದ್ದಳು, ಹೇಳಿರಲಿಲ್ಲ, ಊರಿಗೆ ಊರೇ ಹಳೇ ಟೈಮಾ ಹೊಸ ಟೈಮಾ ಎಂದು ಕೇಳಿಕೊಂಡೇ ಓಡಾಡುತ್ತಿರುವಾಗ ಅವಳು ಲಾಗನ್ನು ಒಂದು ಮಾತೂ ಕೇಳಲಿಲ್ಲ. ಹಾಗಾದರೆ ಎರಡು ಹತ್ತು ಅಲ್ಲ, ಒಂದು ಹತ್ತು. ಒಂದು ಹತ್ತಕ್ಕೆ ಆಗಾ ಮನೆಯಲ್ಲಿ ಊಟಕ್ಕೆ ಕೂತಿದ್ದರು, ಹೋಗುವ ಮುಂಚೆ ಹೆಂಡತಿ ಕರಿದು ಕೊಟ್ಟ ಬೌರ್ಸಾಕ್ ನಾಲ್ಕು ಇವಳ ಮೇಜಿನ ಮೇಲಿಟ್ಟು, ತಿನ್ನು, ಬರೀ ಚಹಾ ಕುಡಿದು ಕಡ್ಡಿ ಆಗಿದ್ದೀಯ, ಎಂದಿದ್ದರು — ತಿಂದಳು, ಎಣ್ಣೆ ಜಿನುಗುತ್ತಿತ್ತು, ಬಲಗೈಯಲ್ಲಿ ಬೌರ್ಸಾಕ್, ಅದೇ ಕೈಯಲ್ಲಿ ಟೈಪು, ಡಿಸ್ಕ್ ತುಂಬಿತ್ತು, ಬೇರೆಡೆ ಪ್ರತಿ ತೆಗೆದಿಟ್ಟಿದ್ದ ಜನವರಿಯ ಕರೆಗಳ ದಾಖಲೆ ಅಳಿಸಬೇಕಿತ್ತು, ತಿಂಗಳ ಸಂಖ್ಯೆ ಒಂದು ಒತ್ತಬೇಕಾದಲ್ಲಿ ಎರಡು — ಒತ್ತಿದೆನೇ, ಒತ್ತಿರಬೇಕು, ನೋಡಲೇ ಇಲ್ಲ, ನಾಚಿಕೆ, ಬೆಳಿಗ್ಗೆ ಅವರ ಮುಖವನ್ನೂ ನೋಡಲಿಲ್ಲ. ವರದಿಯಲ್ಲಿ ಹೆಸರಿನ ಜಾಗದಲ್ಲಿ ಆಗಲೇ ಸಗಿಂದಿಕ್ ಎಂದಿದೆ, ಒಂದೊಂದೇ ಅಕ್ಷರ ಅಳಿಸುತ್ತಾಳೆ, ಕರ್ಲಿಗಾಶ್ ಎಂದು ಬರೆಯುತ್ತಾಳೆ, ಇನ್ನು ಕಳಿಸುವುದೊಂದೇ, ಬೆರಳು ಇಳಿಯುತ್ತದೆ, ನಿಲ್ಲುತ್ತದೆ, ಎಂಟರ್ ಕೀ ಮೇಲೆ ಎಣ್ಣೆಯ ಬೆರಳಚ್ಚು, ಅವಳದೇ —