ಗೆರ್ಡಾ ಅಜ್ಜಿಯ ಮೂಗು

ಅಪೂರ್ವಳನ್ನು ಗೆರ್ಡಾ ಅಜ್ಜಿಯ ಮನೆಗೆ ಮೊದಲು ಕರೆದುಕೊಂಡು ಹೋದವಳು ವಾಸಂತಿಯೇ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತಲ್ಲ ಎಂದು ಆಮೇಲೆ ತನ್ನನ್ನು ತಾನೇ ಎಷ್ಟು ಸಲ ಬೈದುಕೊಂಡಳೋ. ಪಾಪ, ಮಾರಿಗೆ ಇದೇನೂ ಗೊತ್ತಿರಲಿಲ್ಲ. ಧಾರವಾಡದ ಆ ಹುಡುಗಿ ಉಪಗ್ರಹದ ಚಿತ್ರ ನೋಡಿ ಬೆಳೆ ಅಳೆಯುವ ಸಂಶೋಧನೆಗೆಂದು ಡಚ್ಚರ ನಾಡಿನ ಎನ್ಸ್‌ಕೆಡೆಗೆ ಬಂದು, ವಾಸಂತಿಯಿದ್ದ ಕಟ್ಟಡದಲ್ಲೇ ಮೇಲಿನ ಅಂತಸ್ತಿನಲ್ಲಿ ಕೋಣೆ ಹಿಡಿದಿದ್ದಳು. ಬ್ರೆಡ್ಡು, ನೂಡಲ್ಸು, ಮನೆಯಿಂದ ತಂದ ಶೇಂಗಾ ಚಟ್ನಿಪುಡಿ, ಇಷ್ಟರಲ್ಲೇ ಅವಳ ಅಡುಗೆ ಮುಗಿಯುತ್ತಿತ್ತು. ಅಯ್ಯೋ ಅನ್ನಿಸಿ ವಾಸಂತಿ ಅವಳನ್ನು ಕೆಳಗಿನ ಮನೆಯ ಅಜ್ಜಿಗೆ ಪರಿಚಯ ಮಾಡಿಸಿದಳು. ಬಾಗಿಲು ತೆರೆದ ಅಜ್ಜಿಗೆ ಅಪೂರ್ವ ಕೈಮುಗಿದು, ಬೆಂಗಳೂರಿನಲ್ಲಿ ಕ್ಲಾಸಿಗೆ ಹೋಗಿ ಕಲಿತಿದ್ದ ಜರ್ಮನ್ನಿನಲ್ಲಿ ಏನೋ ಅಂದಳು. ಅಜ್ಜಿಯ ಮುಖ ಅರಳಿದ್ದನ್ನು ವಾಸಂತಿ ಕಣ್ಣಾರೆ ಕಂಡಳು. ಇಷ್ಟು ವರ್ಷ ತಾನು ಆಡಿದ ಹರಕುಮುರುಕು ಡಚ್ಚಿಗೆ ಆ ಮುಖ ಒಂದು ಸಲವೂ ಹಾಗೆ ಅರಳಿರಲಿಲ್ಲ.

ಗೆರ್ಡಾ ಅಜ್ಜಿ ಹುಟ್ಟಿದ್ದು ಗಡಿಯಾಚೆಯ ಜರ್ಮನಿಯಲ್ಲಿ. ಡಚ್ಚನೊಬ್ಬನನ್ನು ಮದುವೆಯಾಗಿ ಈಚೆ ಬಂದವಳು, ಅವನು ಹೋದ ಮೇಲೂ ಇಲ್ಲೇ ಉಳಿದಳು. ಇಲ್ಲಿನ ಗಾಳಿ, ಇಲ್ಲಿನ ಸೈಕಲ್ಲು, ಇಲ್ಲಿನ ಬೇಯಿಸಿದ ಆಲೂಗಡ್ಡೆ ಎಲ್ಲವೂ ಅವಳಿಗೆ ಒಗ್ಗಿದವು. ಮೊಟ್ಟೆಯಿಂದ ಮಾಡುವ ಸಿಹಿ ಮದ್ಯವನ್ನು ಈ ಜನ ಗಟ್ಟಿಯಾಗಿ ಕಾಸಿ ಚಮಚದಲ್ಲಿ ತಿನ್ನುವುದು ಮಾತ್ರ ಒಗ್ಗಲಿಲ್ಲ. "ಕುಡಿಯೋದನ್ನು ತಿನ್ನುವ ಮಂದಿ" ಎಂದು ಇಂದಿಗೂ ಮೂಗು ಮುರಿಯುತ್ತಾಳೆ. ಪ್ರತಿ ವರ್ಷ ಈಸ್ಟರ್ ಹಬ್ಬದ ಹಿಂದಿನ ಶನಿವಾರ ತನ್ನ ತವರಿನ ಕ್ರಮದಲ್ಲಿ, ಅದೇ ಮದ್ಯವನ್ನು ಬಾಟಲಿಯಿಂದ ಸಲೀಸಾಗಿ ಸುರಿಯುವಂತೆ, ಅವಳ ಮಾತಿನಲ್ಲಿ ಐಯರ್‌ಲಿಕೋರ್, ಮಾಡಿ ಕಟ್ಟಡದ ಪ್ರತಿ ಮನೆಗೂ ಒಂದೊಂದು ಬಾಟಲಿ ಕೊಡುವುದು ಅವಳ ಪದ್ಧತಿ.

ವಾಸಂತಿ ಮೊಟ್ಟೆಯನ್ನು ಕೈಯಲ್ಲಿ ಹಿಡಿದದ್ದೇ ಆ ಅಡುಗೆಮನೆಯಲ್ಲಿ. ತಿನ್ನುವ ಮಾತೇ ಇಲ್ಲ, ಮದ್ಯವಂತೂ ದೂರ. ಆದರೆ ಮೈಸೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದವಳು ಇಲ್ಲಿಗೆ ಬಂದು ಬರಿಯ ಹರಿಪ್ರಸಾದನ ಹೆಂಡತಿಯಾಗಿ, ಕಿಟಕಿಯಲ್ಲಿ ಟ್ಯೂಲಿಪ್ ಕುಂಡಕ್ಕೆ ನೀರು ಹಾಕುತ್ತ ಕೂತಿದ್ದ ಕಾಲದಲ್ಲಿ, "ಬಾ, ಒಳಗೆ ಬಾ, ಕೈಗೆ ಕೆಲಸ ಇದೆ" ಅಂದ ಒಂದೇ ಜೀವ ಗೆರ್ಡಾ ಅಜ್ಜಿ. ಹಳದಿಯನ್ನು ಬಿಳಿಯಿಂದ ಬೇರೆ ಮಾಡುವುದು, ಪುಡಿ ಸಕ್ಕರೆ ಜರಡಿ ಹಿಡಿಯುವುದು, ವೆನಿಲಾ ಕೋಡು ಸೀಳಿ ಕಪ್ಪು ಕಾಳು ಕೆರೆಯುವುದು, ಎಲ್ಲ ಅಲ್ಲೇ ಕಲಿತಳು. ಮೊದಲ ವರ್ಷ ಅವಳು ರೂಢಿಯಂತೆ ಉರಿ ಹೆಚ್ಚು ಮಾಡಲು ಹೋದಾಗ ಅಜ್ಜಿ ಅವಳ ಕೈಮೇಲೆ ಪಟ್ಟನೆ ಹೊಡೆದಿದ್ದಳು. ಕುದಿಯುವ ನೀರಿನ ಮೇಲಿಟ್ಟ ಬೋಗುಣಿಯಲ್ಲಿ ಹಬೆಯ ಶಾಖಕ್ಕೇ ಅದು ಬೇಯಬೇಕು, ಕುದಿಸಿದರೆ ಕೆಟ್ಟಿತು. ಹಸಿ ವಾಸನೆ ಇನ್ನೂ ಒಂದು ಚೂರು ಉಳಿದಿರುವಾಗಲೇ ಇಳಿಸಬೇಕು, ಆರಿದ ಮೇಲೆ ಸೇರುವ ಮದ್ಯ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಮೈಸೂರಿನ ಯಾವ ಅಡುಗೆಮನೆಯೂ ಒಪ್ಪದ ಮಾತು ಇದು.

ಆಮೇಲೊಂದು ಚಳಿಗಾಲ ಜ್ವರ ಬಂದು ಹೋಯಿತು, ಹೋಗುವಾಗ ಅಜ್ಜಿಯ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಒಯ್ದಿತು. ಕಾಫಿಗೂ ಬಿಸಿನೀರಿಗೂ ವ್ಯತ್ಯಾಸ ತಿಳಿಯದಾಯಿತು. ಆ ವರ್ಷ ಬೋಗುಣಿಯ ಮುಂದೆ ನಿಂತು ಅಜ್ಜಿ ಅಳು ನುಂಗಿಕೊಂಡಾಗ ವಾಸಂತಿ, "ನಾನು ಹೇಳ್ತೀನಿ" ಅಂದಳು. ಅವಳಿಗೆ ಅದು ಹೊಸದೇನಲ್ಲ. ನೈವೇದ್ಯದ ಅಡುಗೆಯನ್ನು ಯಾರಾದರೂ ರುಚಿ ನೋಡುತ್ತಾರೆಯೇ? ದೇವರಿಗಿಂತ ಮೊದಲು ನಾಲಿಗೆಗೆ ಇಟ್ಟರೆ ಎಂಜಲಾಯಿತು. ಅವಳ ಅಜ್ಜಿ ಸಾರಿನ ಹಬೆ ಮೂಸಿಯೇ ಉಪ್ಪು ಕಡಿಮೆ ಎಂದು ಹೇಳುತ್ತಿದ್ದವಳು. ಅಂದಿನಿಂದ ಒಲೆಯ ಪಕ್ಕದಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ವಾಸಂತಿ. ಅಜ್ಜಿ ತಂತಿಯ ಕಡೆಗೋಲು ತಿರುಗಿಸುತ್ತ ಅವಳ ಮುಖ ನೋಡುತ್ತಿದ್ದಳು. "ನೊಖ್ ನೀಟ್" ಅಂದರೆ ಇನ್ನೂ ಇಲ್ಲ. "ಯಾ" ಅಂದರೆ ಆಯಿತು. ಆ "ಯಾ" ಬಿದ್ದ ಕ್ಷಣವೇ ಅಜ್ಜಿ ಒಲೆ ಆರಿಸುತ್ತಿದ್ದಳು, ಎರಡನೇ ಮಾತಿಲ್ಲ. ಥರ್ಮಾಮೀಟರ್ ತರಲೇ ಎಂದು ಯಾರೋ ಕೇಳಿದ್ದಕ್ಕೆ, "ನನ್ನ ಮೂಗು ಎರಡನೇ ಮಹಡಿಯಲ್ಲಿದೆ" ಅಂದಿದ್ದಳಂತೆ. ಈ ಊರಿನಲ್ಲಿ ವಾಸಂತಿಗೆ ತನ್ನದು ಎಂಬುದು ಏನಾದರೂ ಇದ್ದರೆ ಆ ಕುರ್ಚಿ.

ಅಪೂರ್ವ ಬಂದಮೇಲೆ ಕೆಳಗಿನ ಮನೆಯಿಂದ ನಗು ಜೋರಾಗಿ ಕೇಳತೊಡಗಿತು. ಜರ್ಮನ್ನಿನಲ್ಲಿ ನಗುವುದಕ್ಕೆ ಅದೆಷ್ಟು ವಿಷಯವಿದೆಯೋ! ವಾಸಂತಿ ಕೋಸಂಬರಿ ಮಾಡಿ ಕೊಂಡೊಯ್ದರೆ ಅಲ್ಲಿ ಆಗಲೇ ಅಪೂರ್ವ. ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯೋಣವೆಂದರೆ ಅಪೂರ್ವ ಕರೆದೊಯ್ದು ಆಗಿದೆ. ಇಬ್ಬರೂ ಬಸ್ಸು ಹತ್ತಿ ಗಡಿಯಾಚೆಯ ಊರಿಗೆ ಹೋಗಿ ಲಿಕೋರಿಗೆ ಬೇಕಾದ ಮದ್ಯ ಕೊಂಡು ತಂದರು ಎಂಬುದೂ ಮೆಟ್ಟಿಲ ಮೇಲೆ ಬಾಟಲಿಗಳ ಸದ್ದಿನಿಂದ ಗೊತ್ತಾಯಿತು.

"ವಾಸಂತಿ ಅಕ್ಕಾ, ಶನಿವಾರ ಐಯರ್‌ಲಿಕೋರ್ ಮಾಡ್ಲಿಕ್ಕತ್ತೀವ್ರಿ!" ಎಂದು ಅಪೂರ್ವ ವಾಸಂತಿಯ ಬಾಗಿಲಿಗೆ ಬಂದು ಏದುಸಿರು ಬಿಡುತ್ತ ಹೇಳಿದಳು. "ಅಜ್ಜಿಗೆ ಮಣಿಕಟ್ಟು ಭಾಳ ನೋಯ್ತದಂತ. ಈ ಸಲ ನೀನss ಕಡಿ ಅಂತ ನನ್ನ ಕೈಯಾಗ ಕಡೆಗೋಲು ಕೊಟ್ಟಾರ. ನೀವೂ ಬರ್ರಿ ಮತ್ತ."

ನೀವೂ ಬರ್ರಿ. ಆ 'ಊ' ವಾಸಂತಿಯ ಎದೆಯಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಮದುವೆಮನೆಯ ಯಜಮಾನಿಯನ್ನು ಬಾಗಿಲಲ್ಲಿ ನಿಲ್ಲಿಸಿ ಊಟ ಮಾಡಿಕೊಂಡು ಹೋಗಿ ಅಂದ ಹಾಗಾಯಿತು. ಅಜ್ಜಿ ಕಡೆಗೋಲನ್ನು ಇವಳಿಗೆ ಕೊಟ್ಟಳೇ? ಇಷ್ಟು ವರ್ಷ ಪಕ್ಕದಲ್ಲಿ ಕೂತವಳಿಗಲ್ಲ, ನಿನ್ನೆ ಮೊನ್ನೆ ಬಂದವಳಿಗೆ?

"ನೋಡೋಣ ಬಿಡು. ತಲೆನೋವು ನಂಗೆ" ಅಂದಳು. ಶನಿವಾರದ ತಲೆನೋವನ್ನು ಗುರುವಾರವೇ ಹೇಳಿಬಿಟ್ಟದ್ದು ಅವಳಿಗೆ ಹೊಳೆಯಲೇ ಇಲ್ಲ.

ಶನಿವಾರ ಬೆಳಿಗ್ಗೆ ಹರಿಪ್ರಸಾದ ಲ್ಯಾಪ್‌ಟಾಪ್ ಮುಂದಿನಿಂದ ತಲೆ ಎತ್ತಿ, "ಏನಿದು, ಈಸ್ಟರ್ ಸ್ಯಾಟರ್ಡೇ ಮನೇಲಿದೀಯ? ಮೊಟ್ಟೆ ತಿನ್ನದ, ಡ್ರಿಂಕ್ಸ್ ಮುಟ್ಟದ ನಮ್ಮ ಲಿಕರ್ ಎಕ್ಸ್‌ಪರ್ಟ್‌ಗೆ ಇವತ್ತು ರಜಾನಾ?" ಎಂದು ಕೆಣಕಿದ.

"ಅವ್ರಿಗೆ ಬೇರೆಯವ್ರು ಸಿಕ್ಕಿದಾರೆ. ನಿಮ್ಮ ಕೆಲ್ಸ ನೀವು ನೋಡ್ಕೊಳ್ಳಿ."

ಅವನು ಹೆಂಡತಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡ. ವಾಸಂತಿ ಅಡುಗೆಮನೆಯ ಕಿಟಕಿ ಮುಚ್ಚಿದಳು, ಮತ್ತೆ ತೆರೆದಳು. ಕೆಳಗಿನಿಂದ ವೆನಿಲಾದ ವಾಸನೆ ಎದ್ದು ಬರುತ್ತಿತ್ತು. ಹಾಲಿನ ಕೆನೆ ಹಾಕಿದ್ದಾರೆ. ಸಕ್ಕರೆ ಕರಗಿದೆ. ಈಗ ಬೋಗುಣಿ ಹಬೆಯ ಮೇಲೆ ಕೂತಿದೆ. ಒಂದೊಂದೂ ಅವಳ ಮೂಗಿಗೆ ತಿಳಿಯುತ್ತಿತ್ತು, ತಿಳಿದಷ್ಟೂ ಹೊಟ್ಟೆ ಉರಿಯುತ್ತಿತ್ತು. ತಾನಿಲ್ಲದೆಯೂ ನಡೆಯುತ್ತದಲ್ಲ!

ಆಗ ಫೋನು ಬಡಿದುಕೊಂಡಿತು. ಅಪೂರ್ವ.

"ಅಕ್ಕಾ, ತಲಿನೋವು ಹ್ಯಾಂಗದ ಈಗ? ಅಜ್ಜಿ ಆ ಕಡೆ ಕೋಣ್ಯಾಗ ಬಾಟಲಿ ಒರಸ್ಲಿಕ್ಕತ್ತಾರ. ನನಗ ಇದು ಯಾವಾಗ ಇಳಸಬೇಕು ತಿಳೀವಲ್ದು. ನೋಡಿದ್ರ ಆಗೇದ ಅನಸ್ತದ, ಆದ್ರ ಒಂಚೂರು ಹಸಿ ವಾಸನಿ ಬರ್ತದ. ಏನ್ ಮಾಡ್ಲಿ ಹೇಳ್ರಿ?"

ಆಗಿದೆ. ಈಗಲೇ ಇಳಿಸಬೇಕು. ವಾಸಂತಿಯ ನಾಲಿಗೆಯ ತುದಿಯಲ್ಲಿ "ಇಳಿಸು" ಎಂಬ ಮಾತು ಬಂದು ನಿಂತಿತ್ತು. ಒಲೆಯ ಕಿಚ್ಚಾದರೆ ಮಾಡಿದ್ದನ್ನು ಬೇಯಿಸುತ್ತದೆ, ಹೊಟ್ಟೆಯ ಕಿಚ್ಚು ಮಾಡಬಾರದ್ದನ್ನು ಮಾಡಿಸುತ್ತದೆ.

"ಹಸಿ ವಾಸನೆ ಇದ್ರೆ ಹೇಗಮ್ಮಾ ಇಳಿಸ್ತೀಯ?" ಅಂದಳು, ಮೆತ್ತಗೆ, ಹಿರಿಯಕ್ಕನ ದನಿಯಲ್ಲಿ. "ನೀರಿನ ಪಾತ್ರೆ ತೆಗೆದು ನೇರ ಒಲೆ ಮೇಲಿಡು. ಚೆನ್ನಾಗಿ ಒಂದು ಕುದಿ ಬರ್ಲಿ."

"ಹೌದಲ್ರಿ! ನಮ್ಮವ್ವನೂ ಎಲ್ಲಾದಕ್ಕೂ ಹಂಗss ಅಂತಾಳ" ಎಂದು ಆ ಹುಡುಗಿ ಖುಷಿಯಿಂದ ಫೋನಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಿರುಗಿ ಫೋನು ಮಾಡಲು ಸಾಕಷ್ಟು ಸಮಯವಿತ್ತು. ವಾಸಂತಿ ಮಾಡಲಿಲ್ಲ. ತೊಳೆದಿದ್ದ ಲೋಟಗಳನ್ನೇ ಮತ್ತೊಮ್ಮೆ ತೊಳೆದಳು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ವೆನಿಲಾ ಹಿಂದೆ ಸರಿದು, ಮೊಟ್ಟೆ ಬೆಂದು ಒಡೆದು ತಳ ಹಿಡಿದ ವಾಸನೆ ಬಂತು. ಅದರ ಹಿಂದೆಯೇ ಗೆರ್ಡಾ ಅಜ್ಜಿಯ ದೊಡ್ಡ ದನಿ. ನಗುವಲ್ಲ. ವಾಸಂತಿಗೆ ಸಂತೋಷವಾಯಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತುಂಬಾ ಸಂತೋಷವಾಯಿತು. ಕೂದಲು ಸರಿಮಾಡಿಕೊಂಡು, ತಲೆನೋವನ್ನು ಮನೆಯಲ್ಲೇ ಬಿಟ್ಟು ಕೆಳಗಿಳಿದಳು.

ಬೋಗುಣಿಯಲ್ಲಿ ಹಳದಿ ಗಂಟುಗಳು ನೀರು ಬಿಟ್ಟುಕೊಂಡು ತೇಲುತ್ತಿದ್ದವು. ಅಪೂರ್ವ ಕಡೆಗೋಲು ಹಿಡಿದುಕೊಂಡೇ ಅಳುತ್ತಿದ್ದಳು. ಅಜ್ಜಿಯ ಎರಡು ಮಣಿಕಟ್ಟಿಗೂ ಪಟ್ಟಿ ಸುತ್ತಿತ್ತು. ವಾಸಂತಿಯನ್ನು ಕಂಡದ್ದೇ ಅವಳು ಡಚ್ಚಿಗೆ ಹೊರಳಿದಳು.

"ನೋಡು, ವಾಸಂತಿ! ಇದನ್ನು ಕುದಿಸಿಬಿಟ್ಟಿದ್ದಾಳೆ. ಕೇಳಿದರೆ ನೀನು ಕುದಿಸು ಅಂದೆಯಂತೆ. ತನ್ನ ತಪ್ಪು ಮುಚ್ಚಲು ನಿನ್ನ ಹೆಸರು ಹೇಳುತ್ತಾಳೆ. ತಪ್ಪು ಮಾಡಲಿ, ಯಾರು ಮಾಡುವುದಿಲ್ಲ? ಸುಳ್ಳು ಹೇಳುವವರು ನನ್ನ ಅಡುಗೆಮನೆಗೆ ಬೇಡ."

ಕೊನೆಯ ಮಾತನ್ನು ಅಪೂರ್ವಳಿಗೆ ಜರ್ಮನ್ನಿನಲ್ಲಿಯೂ ಹೇಳಿದಳೆಂದು ತೋರುತ್ತದೆ. ಆ ಹುಡುಗಿ ಏಪ್ರನ್ ಬಿಚ್ಚತೊಡಗಿದಳು. "ನಂದss ತಪ್ಪು ಅಕ್ಕಾ" ಅಂದಳು. "ನನಗ ಅಡಿಗಿ ಬರಂಗಿಲ್ಲ. ನಿಮ್ಮ ಹೆಸರು ಹೇಳಬಾರದಿತ್ತು."

ಬೇಡಿದ್ದೆಲ್ಲ ಕೈಗೆ ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅಜ್ಜಿ ಮತ್ತೆ ವಾಸಂತಿಯವಳು. ಅಷ್ಟರಲ್ಲಿ ಅವಳ ಕಣ್ಣು ಒಲೆಯ ಪಕ್ಕಕ್ಕೆ ಹೋಯಿತು. ಅವಳ ಕುರ್ಚಿ ಅಲ್ಲೇ ಇತ್ತು, ಮೇಲೆ ಹೊಸ ದಿಂಬು.

ಅವಳು ನೋಡಿದ್ದನ್ನು ಅಜ್ಜಿ ನೋಡಿದಳು. "ಬೆಳಿಗ್ಗೆಯಿಂದ ನಿನಗೇ ಕಾದೆವು" ಅಂದಳು. "ಕಡೆಯೋದಕ್ಕೆ ಯಾರ ತೋಳಾದರೂ ಆಗುತ್ತದೆ. ಮೂಗು ಎಲ್ಲಿಂದ ತರಲಿ? ನಿನಗೆ ತಲೆನೋವು ಅಂತ ಇವಳು ಹೇಳಿದಳು. ಹಾಗಾದರೆ ಫೋನು ಮಾಡಿ ಕೇಳು, ವಾಸಂತಿ ಹೇಳಿದ ಹಾಗೆ ಮಾಡು ಅಂತ ನಾನೇ ಅಂದೆ."

ವಾಸಂತಿ ಆ ದಿಂಬನ್ನೇ ನೋಡುತ್ತ ನಿಂತಳು. ಯಾರೂ ಕಿತ್ತುಕೊಳ್ಳದಿದ್ದುದಕ್ಕಾಗಿ ಅವಳು ಇಷ್ಟು ದಿನ ಬೆಂದಿದ್ದಳು. ಅಪೂರ್ವ ಏಪ್ರನ್ ಮಡಿಸಿ ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆದಳು.

"ನಿಲ್ಲು" ಎಂದಳು ವಾಸಂತಿ. ಆಮೇಲೆ ಅಜ್ಜಿಗೆ, ಇದ್ದಬದ್ದ ಡಚ್ಚನ್ನೆಲ್ಲ ಕೂಡಿಸಿಕೊಂಡು: "ಅವಳು ಸುಳ್ಳು ಹೇಳಲಿಲ್ಲ. ಕುದಿಸು ಅಂತ ನಾನು ಹೇಳಿದೆ. ಕೆಡುತ್ತದೆ ಅಂತ ನನಗೆ ಗೊತ್ತಿತ್ತು."

"ಇಲ್ಲ, ಇಲ್ಲ. ಅವಳನ್ನು ಕಾಪಾಡಲು ಹಾಗೆ ಹೇಳುತ್ತೀ. ನೀನು ಒಳ್ಳೆಯವಳು."

ಈ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು. ವಾಸಂತಿ ತಲೆಯಲ್ಲಾಡಿಸಿದಳು. "ಒಳ್ಳೆಯವಳಲ್ಲ. ನೀವು ಇವಳ ಜೊತೆ ನಗುತ್ತೀರಿ. ನನ್ನ ಜೊತೆ ಹಾಗೆ ನಗೋದಿಲ್ಲ. ನನಗೆ ತಡೆಯಲಾಗಲಿಲ್ಲ. ಹೊಟ್ಟೆಕಿಚ್ಚು." ಕೊನೆಯ ಮಾತು ಕನ್ನಡದಲ್ಲೇ ಬಂತು. ಅಜ್ಜಿ ಅಪೂರ್ವಳ ಕಡೆ ನೋಡಿದಳು. ಅಪೂರ್ವ ವಾಸಂತಿಯನ್ನು ನೋಡಿದಳು, ಹೇಳಲೋ ಬೇಡವೋ ಎಂಬಂತೆ.

"ಹೇಳು" ಎಂದಳು ವಾಸಂತಿ.

ಅಪೂರ್ವ ಒಂದೇ ಒಂದು ಜರ್ಮನ್ ಪದ ಹೇಳಿದಳು. ಗೆರ್ಡಾ ಅಜ್ಜಿ ಬೋಗುಣಿಯನ್ನು ತಾನೇ ಎತ್ತಿ ಗಂಟುಗಳನ್ನು ಕಸಕ್ಕೆ ಸುರಿದಳು. ನೋಯುವ ಕೈಯಿಂದಲೇ ತಿಕ್ಕಿದಳು, ಸಹಾಯಕ್ಕೆ ಬಂದ ಇಬ್ಬರನ್ನೂ ಮೊಣಕೈಯಿಂದ ಸರಿಸಿದಳು. ಆಮೇಲೆ ಅಪೂರ್ವಳ ಮುಂದೆ ನಿಂತು ಏನೋ ಅಂದು ಅವಳ ಕೆನ್ನೆ ಮುಟ್ಟಿದಳು, ಏಪ್ರನನ್ನು ತಾನೇ ಬಿಡಿಸಿ ಅವಳ ಕೊರಳಿಗೆ ಹಾಕಿದಳು. ಕಪಾಟಿನಿಂದ ಉಳಿದ ಮೊಟ್ಟೆಗಳ ಟ್ರೇ ಹೊರಬಂತು.

"ಕೂತುಕೋ" ಎಂದು ವಾಸಂತಿಗೆ ಕುರ್ಚಿ ತೋರಿಸಿದಳು.

ವಾಸಂತಿ ಕೂತಳು. ಮತ್ತೆ ಹಳದಿ ಬೇರೆಯಾಯಿತು, ಸಕ್ಕರೆ ಬಿತ್ತು, ವೆನಿಲಾ ಬಿತ್ತು, ಬೋಗುಣಿ ಹಬೆಯ ಮೇಲೆ ಕೂತಿತು. ಅಪೂರ್ವ ಮೂಗು ಒರೆಸಿಕೊಳ್ಳುತ್ತ ಕಡೆದಳು. ವಾಸಂತಿ ಕಣ್ಣು ಮುಚ್ಚಿ ಹಬೆಗೆ ಮುಖವೊಡ್ಡಿದಳು. ಮೊಟ್ಟೆ ಮುಂದಿದೆ, ವೆನಿಲಾ ಹಿಂದಿದೆ. ಈಗ ಎರಡೂ ಜೊತೆಗಿವೆ. ಈಗ ವೆನಿಲಾ ಒಂದು ಹೆಜ್ಜೆ ಮುಂದೆ, ಹಸಿ ವಾಸನೆ ಎಳೆಯಷ್ಟೇ ಉಳಿದಿದೆ. ಇದೇ ಹೊತ್ತು, ತಪ್ಪಿಲ್ಲ.

"ಯಾ" ಎಂದಳು.

ಒಲೆಯ ಗುಂಡಿಯ ಮೇಲಿದ್ದ ಅಜ್ಜಿಯ ಕೈ ಅಲ್ಲಾಡಲಿಲ್ಲ.

ವಾಸಂತಿ ಕಣ್ಣು ತೆರೆದಳು. "ಯಾ" ಎಂದು ಇನ್ನೊಮ್ಮೆ ಅಂದಳು, ಆ ಅಡುಗೆಮನೆಯಲ್ಲಿ ಎಂದೂ ಎರಡನೇ ಸಲ ಹೇಳಬೇಕಾಗದಿದ್ದ ಮಾತನ್ನು. ಅಜ್ಜಿ ಖಾನೆಯಿಂದ ಒಂದು ಪುಟ್ಟ ಚಮಚ ತೆಗೆದು, ಬೋಗುಣಿಯಲ್ಲಿ ಅದ್ದಿದಳು. ವಾಸಂತಿಯ ಮುಂದೆ ಹಿಡಿಯಲಿಲ್ಲ. ಅವಳು ತಿನ್ನುವುದಿಲ್ಲವೆಂದು ಅಜ್ಜಿಗೆ ಗೊತ್ತಿತ್ತು. ಅಪೂರ್ವಳ ಬಾಯಿಗೆ ಹಿಡಿದಳು.

ಅಪೂರ್ವ ಕಣ್ಣಲ್ಲೇ ವಾಸಂತಿಯ ಕ್ಷಮೆ ಕೇಳಿದಳು. "ಬ್ಯಾಡ್ರಿ, ಅಕ್ಕ ಹೇಳ್ಯಾರಲ್ರಿ" ಎಂದು ಅಜ್ಜಿಗೆ ಅರ್ಥವಾಗದ ಕನ್ನಡದಲ್ಲಿ ಗೊಣಗಿದಳು. ಚಮಚ ಅಲ್ಲೇ ನಿಂತಿತ್ತು. ಕೊನೆಗೆ ನೆಕ್ಕಿ ನೋಡಿದಳು.

"ಯಾ" ಅಂದಳು ಅಪೂರ್ವ.

ಅಜ್ಜಿ ಒಲೆ ಆರಿಸಿದಳು.