ಐತನ ಪಾಲಿನ ಮಣ್ಣು

ಚಿತೆಯ ಮೇಲೆ ಇಳಿಸಲೆಂದು ನಾಲ್ವರು ಐತನ ಚಟ್ಟವನ್ನು ಎತ್ತಿದ್ದರು. ರೆಜಿನಾ ಅಡ್ಡ ನಿಂತರು.

"ಸುಡುವುದು ಬೇಡ. ಮಣ್ಣು ಮಾಡುವ."

ದುಬೈಯ ಆ ಸ್ಮಶಾನ ಬೆಳಗ್ಗೆಯೇ ಕಾದ ಕಾವಲಿಯಾಗಿತ್ತು. ಕಾರು ತೊಳೆಯುತ್ತಲೇ ಕುಸಿದು ಸತ್ತವನ ಹೆಣ ಬಿಡಿಸಲು ಆಸ್ಪತ್ರೆ, ಪೊಲೀಸು ಎಂದು ಅಲೆದು ಚಪ್ಪಲಿ ಸವೆಸಿದವರು ಕನ್ನಡ ಸಂಘದ ಗುರುಮಲ್ಲಪ್ಪನವರು. ಚಾಮರಾಜನಗರದ ಕಡೆಯವರು, ಸಿಟ್ಟನ್ನೂ ಮೆಲ್ಲಗೆ ಆಡುವವರು. ಸತ್ತವನು ಹಿಂದೂ, ಅವನನ್ನು ಸುಡಬಾರದೆನ್ನಲು ಕ್ರಿಸ್ತುವರಾದ ನಿಮಗೇನು ಗೊತ್ತು ಎಂದು ಕೇಳಿದರು.

"ಬೇಗ ತೀರ್ಮಾನ ಮಾಡಿ ಮಾರಾಯ್ರೆ," ಎಂದ ವ್ಯಾನು ತಂದಿದ್ದ ಯುಜಿನ್. "ಇಲ್ಲದಿದ್ರೆ ಬಿಸಿಲೇ ನಮ್ಮನ್ನೆಲ್ಲ ಸುಡ್ತದೆ."

ರೆಜಿನಾಗೆ ಗೊತ್ತಿತ್ತು. ಹೇಗೆ ಗೊತ್ತೆಂದು ಬಾಯಿ ಬಿಟ್ಟರೆ ಮಾತ್ರ, ಐತ ಇಷ್ಟು ವರ್ಷ ಮುಚ್ಚಿಟ್ಟದ್ದು ಅವನ ಹೆಣದ ಮುಂದೆಯೇ ಬಯಲಾಗುತ್ತಿತ್ತು.

*

ಕರಾಮದ ಕ್ಲಿನಿಕ್ಕಿನ ನರ್ಸ್ ರೆಜಿನಾ ಶುಕ್ರವಾರ ಬಂತೆಂದರೆ ಗಂಜಿಯ ಪಾತ್ರೆ, ಮದ್ದಿನ ಚೀಲ ಹಿಡಿದು ಸತ್ವಾದ ಬೀದಿಗಳಿಗೆ ಹೊರಡುತ್ತಿದ್ದರು. ಕಂಪನಿ ಬಿಟ್ಟು ಓಡಿಬಂದು, ವೀಸಾ ಇಲ್ಲದೆ, ಗ್ಯಾರೇಜುಗಳ ಹಿಂದೆ ರಟ್ಟು ಹಾಸಿ ಮಲಗುವವರು ಎಲ್ಲೆಲ್ಲಿದ್ದಾರೆಂದು ಅವರಿಗೆ ದಾರಿ ತೋರುತ್ತಿದ್ದವನು ಐತ. ಅವನೂ ಅಂಥವನೇ. ಹೊಸಬನೊಬ್ಬ ಬಂದರೆ ತನ್ನ ರಟ್ಟನ್ನು ಅವನಿಗೆ ಹಾಸಿಕೊಟ್ಟು ತಾನು ಬರಿನೆಲಕ್ಕೆ ಬೆನ್ನು ಕೊಡುತ್ತಿದ್ದ.

ಒಮ್ಮೆ ಜ್ವರದ ತಾಪದಲ್ಲಿ ಅವರ ಕೈ ಸರಿಸಿದ.

"ಮುಟ್ಟಬೇಡಿ ಬಾಯಮ್ಮ. ನಾನು ಕೊರಗ."

"ಸುಮ್ಮನೆ ಮಲಗು, ಥರ್ಮಾಮೀಟರ್ ಬೀಳ್ತದೆ," ಎಂದರು ರೆಜಿನಾ.

ಊರಲ್ಲಿ ಅವನ ಜಾತಿಯವರು ಕಂಡವರ ಸಾವಿಗೆಲ್ಲ ಡೋಲು ಬಾರಿಸಿಯೂ ಅಂಗಳದಾಚೆಯೇ ನಿಲ್ಲಬೇಕಿತ್ತಂತೆ. ಇಲ್ಲಿ ತನ್ನ ತಟ್ಟೆಗೆ ಎಲ್ಲರೂ ಕೈ ಹಾಕುತ್ತಾರೆ, ಯಾರಲ್ಲೂ ಹೇಳಬೇಡಿ ಎಂದು ಬೇಡಿಕೊಂಡ. ಆಮೇಲೆ ಏನೋ ನೆನಪಾದವನಂತೆ ಕಣ್ಣು ತೆರೆದ.

"ಸತ್ತರೆ ಸುಡಬೇಡಿ. ನಮ್ಮವರೆಲ್ಲ ಮಣ್ಣಲ್ಲಿದ್ದಾರೆ. ನಾನೊಬ್ಬ ಹೊಗೆಯಾಗಿ ಹೋದರೆ ಅವರನ್ನು ಎಲ್ಲಿ ಅಂತ ಹುಡುಕುವುದು?"

*

"ಅವನ ಹಿರಿಯರೆಲ್ಲ ಮಣ್ಣು ಮಾಡುವವರು," ಎಂದರು ರೆಜಿನಾ. "ನನ್ನಲ್ಲಿ ಹೇಳಿದ್ದಾನೆ."

ಗುರುಮಲ್ಲಪ್ಪನವರ ಮುಖವೇ ಬದಲಾಯಿತು. ಅವರ ಲಿಂಗಾಯತರಲ್ಲೂ ಹೂಳುವುದೇ ಪದ್ಧತಿ.

"ಮೊದ್ಲೇ ಹೇಳೋದಲ್ವ ತಾಯಿ. ನಮ್ಮೋನಾ ಹಂಗಾದ್ರೆ?"

ಸುಳ್ಳಾಡಿದರೆ ರೆಜಿನಾ ನಾಳೆ ಪಾದ್ರಿಯ ಮುಂದೆ ಮೊಣಕಾಲೂರಬೇಕು. ನಿಜ ಆಡಿದರೆ ಚಟ್ಟ ಹೊತ್ತ ಕೈಗಳಲ್ಲಿ ಯಾವುದು ಸಡಿಲವಾದೀತೋ. ಐತನ ಮುಖವನ್ನೊಮ್ಮೆ ನೋಡಿದರು.

"ಹೌದು. ನಿಮ್ಮವನೇ."

ಹಸುಗೂಸುಗಳನ್ನು ಹೂಳುವ ಮೂಲೆಯಲ್ಲಿ ಜಾಗ ಸಿಕ್ಕಿತು. ಗುಂಡಿ ತೋಡಿದ ಮೇಲೆ ಗುರುಮಲ್ಲಪ್ಪನವರು ಚಪ್ಪಲಿ ಬಿಟ್ಟು ತಾವೇ ಕೆಳಗಿಳಿದರು. ಕೊರಳಲ್ಲಿ ಲಿಂಗ ಕಾಣದಿದ್ದಾಗ, ಬೀದಿಯಲ್ಲಿ ಮಲಗುವವನು ಎಲ್ಲಿ ಕಳಕೊಂಡನೋ ಪಾಪ ಎಂದು ಮರುಗಿದರು. ಐತನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಜೇಬಿನ ಪೊಟ್ಟಣ ಬಿಚ್ಚಿ, ಅವನ ಹಣೆಗೆ ಅಗಲವಾಗಿ ವಿಭೂತಿ ಎಳೆದರು. ಬೆರಳಿಗಂಟಿ ಉಳಿದದ್ದನ್ನು ಕಣ್ಣುಮುಚ್ಚಿ ತಮ್ಮ ಹಣೆಗೆ ಹಚ್ಚಿಕೊಂಡರು.