ಮೇಲಿನ ಕಲ್ಲು

"ಪುರದಾಗೆ ಬೇರು ಬಿಟ್ಟ ಮೇಲೆ ಬಂದು ಮಗೀನ ಕರ್ಕೊಂಡು ಹೋಗ್ತೀನಿ. ಲಿಂಗದ ಮೇಲೆ ಕೈಯಿಟ್ಟು ಹೇಳ್ತೀನಿ ಕೊಟ್ರಿ, ನಂಬು."

ಕೊಟ್ಟೂರಪ್ಪ ತನ್ನ ಹೆಂಡತಿ ಕೊಟ್ರಮ್ಮನಿಗೆ ಈ ಮಾತು ಕೊಟ್ಟದ್ದು ಚಳ್ಳಕೆರೆ ದಾಟಿ ಬಳ್ಳಾರಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಒಂದು ಬೇವಿನ ಮರದ ಕೆಳಗೆ. ಗುಂಡಿ ತೋಡಿದ ಸನಿಕೆ ಇನ್ನೂ ಅವನ ಕೈಯಲ್ಲೇ ಇತ್ತು. ಅವನಿಗಾಗ ಮೂವತ್ತೂ ತುಂಬಿರಲಿಲ್ಲ.

ಪರಶುರಾಂಪುರದ ಕಡೆಯ ಒಂದು ಹಳ್ಳಿಯಿಂದ ಒಂಬತ್ತು ಮನೆಯವರು ಗಾಡಿ ಕಟ್ಟಿಕೊಂಡು ಹೊರಟಿದ್ದರು. ಮುಂದಿನ ಗಾಡಿಯಲ್ಲಿ ಚಿಕ್ಕೀರಪ್ಪಜ್ಜ. ಗುಡಿ ಬೇಡ, ಕಲ್ಲಿನ ದೇವರು ಬೇಡ, ಅಂಗೈಯ ಲಿಂಗ ಒಂದೇ ಸಾಕು, ಎಲ್ಲರಿಗೂ ಒಂದೇ ಹೊಲ, ಒಂದೇ ಒಲೆ ಎಂದು ಸಾರಿದ ಮುದುಕ. ಊರಿನವರು ಮೊದಲು ನಕ್ಕರು. ನಂತರ ಅವನ ಹಿಂದೆ ಹೋದವರಿಗೆ ಬಾವಿಯ ನೀರು ನಿಲ್ಲಿಸಿದರು, ಶೇಂಗಾ ಬಣವೆಗೆ ಬೆಂಕಿ ಇಟ್ಟರು. ದೇವಸಮುದ್ರದ ಆಚೆ ಭಕ್ತನೊಬ್ಬ ಕಲ್ಲುನೆಲ ಕೊಟ್ಟಿದ್ದಾನೆ, ಅಲ್ಲಿ ನಮ್ಮದೇ ಪುರ ಕಟ್ಟೋಣ ಎಂದ ಅಜ್ಜ. ಕಟ್ಟಲು ಹೊರಟವರ ಮಡಿಲಲ್ಲಿ ಮಕ್ಕಳಿದ್ದವು. ಕೊಟ್ರಮ್ಮನ ಮಡಿಲಲ್ಲಿ ಗಿರಿಜೆ.

ಗಿರಿಜೆಗೆ ಆಗಷ್ಟೇ ಹಲ್ಲು ಗಟ್ಟಿಯಾಗಿದ್ದವು. ಕೊರಳಲ್ಲಿ ಕಟ್ಟಿದ್ದ ಲಿಂಗವನ್ನು ಸದಾ ಬಾಯಿಗಿಟ್ಟು ಕಚ್ಚುತ್ತಿದ್ದಳು. ಅದರ ಕರಿ ಮೆರುಗಿನ ಮೇಲೆ ಎರಡು ಹಲ್ಲಿನ ಗುರುತು ಬಿದ್ದಿತ್ತು. ದಾರಿಯಲ್ಲಿ ಜ್ವರ ಬಂತು. ಚಳ್ಳಕೆರೆಯಲ್ಲಿ ಡಾಕ್ಟರಿಗೆ ತೋರಿಸೋಣ ಎಂದಳು ಕೊಟ್ರಮ್ಮ. ಹುಣ್ಣಿಮೆಯ ಒಳಗೆ ನೆಲ ಮುಟ್ಟಬೇಕು, ನಿಲ್ಲುವಂತಿಲ್ಲ ಎಂದ ಅಜ್ಜ. ಗಾಡಿಗಳು ನಿಲ್ಲಲಿಲ್ಲ. ನಿಂತದ್ದು ಹೂಳುವುದಕ್ಕೆ ಮಾತ್ರ.

ಮಗುವನ್ನು ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಟ್ಟರು. ನರಿಗಳು ಕೆದರಬಹುದೆಂದು ಕೊಟ್ರಮ್ಮ ಗಾಡಿ ಹತ್ತಿ, ತವರಿನವರು ಕೊಟ್ಟಿದ್ದ ಬೀಸುವ ಕಲ್ಲಿನ ಮೇಲಿನ ಹೋಳನ್ನು ಎದೆಗವಚಿ ಇಳಿಸಿದಳು. ಅದನ್ನು ಮಣ್ಣಿನ ಮೇಲೆ ಹೇರಿದಳು. ಕೆಳಗಿನ ಹೋಳು ಗಾಡಿಯಲ್ಲೇ ಉಳಿಯಿತು.

ಆ ಕೆಳಗಿನ ಕಲ್ಲು ಇವತ್ತಿಗೂ ಅಜ್ಜನಪುರದಲ್ಲಿ, ಅವಳ ಹಿತ್ತಿಲ ಬಾಗಿಲ ಪಕ್ಕದಲ್ಲಿದೆ. ಜೋಡಿಯಿಲ್ಲದ ಕಲ್ಲು ಏನನ್ನೂ ಬೀಸುವುದಿಲ್ಲ.

ಪುರ ಬೇರು ಬಿಟ್ಟಿತು. ಕಲ್ಲು ಆರಿಸಿದ್ದು, ನೀರು ಹೊತ್ತದ್ದು, ಒಂದೇ ಒಲೆಯ ಮುಂದೆ ಅಷ್ಟೂ ಜನರಿಗೆ ಮುದ್ದೆ ತಿರುವಿದ್ದು ಹೆಂಗಸರು. ಕೊಟ್ರಮ್ಮನಿಗೆ ಮತ್ತೆ ಮಕ್ಕಳಾಗಲಿಲ್ಲ. ಪುರ ತುಂಬಬೇಕು, ಇನ್ನೊಂದು ಮದುವೆಯಾಗು ಎಂದು ಅಜ್ಜ ಕೊಟ್ಟೂರಪ್ಪನಿಗೆ ಅಪ್ಪಣೆ ಮಾಡಿದ. ಹೊಸ ಹೆಂಡತಿಗೆ ಹಳೆಯವಳೇ ಮೊದಲ ತುತ್ತು ಬಡಿಸಬೇಕೆಂಬುದೂ ಅಜ್ಜನ ಕಟ್ಟಳೆ. ಕೊಟ್ರಮ್ಮ ಬಡಿಸಿದಳು. ಎದುರಿಗೆ ಕೂತಿದ್ದ ಶೈಲಜಾ, ಇನ್ನೂ ಹುಡುಗಿ, ಅಳುತ್ತಾ ಉಂಡಳು.

ಮಗುವಿನ ಮಾತು ಎತ್ತಿದಾಗಲೆಲ್ಲ ಕೊಟ್ಟೂರಪ್ಪನ ಬಳಿ ಒಂದು ಕಾರಣವಿರುತ್ತಿತ್ತು. ಬಾವಿ ಆಗಲಿ. ಮನೆಗೆ ಹೆಂಚು ಬೀಳಲಿ. ಬಿಟ್ಟು ಬಂದದ್ದನ್ನು ತಿರುಗಿ ನೋಡಬಾರದು ಎಂದು ಅಜ್ಜ ಹೇಳಿದ್ದಾನಲ್ಲ. ಅಜ್ಜ ಸತ್ತ ಮೇಲೆ, ಅಜ್ಜ ಇದ್ದಿದ್ದರೆ ಕೇಳಬಹುದಿತ್ತು ಎಂಬ ಮಾತು. ಕೊಟ್ರಮ್ಮ ತಾನೇ ಹೋಗಿ ತೆಗೆಯುವಂತೆಯೂ ಇರಲಿಲ್ಲ. ಮಣ್ಣು ಕೊಟ್ಟ ಕೈಯೇ ಮಣ್ಣು ತೆಗೆಯಬೇಕು, ಬೇರೆಯವರು ತೆಗೆದರೆ ಪುರದ ಸ್ಮಶಾನದಲ್ಲಿ ಜಾಗವಿಲ್ಲ. ಅದೂ ಕಟ್ಟಳೆ.

ಚಳ್ಳಕೆರೆ ಸಂತೆಗೆ ಹೋಗುವಾಗ ಅವಳು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದಳು. ಒಂದು ವರ್ಷ ಆ ಕಲ್ಲಿಗೆ ಯಾರೋ ಅರಿಶಿನ ಬಳಿದಿದ್ದರು. ಕೆಲವು ವರ್ಷ ಕಳೆದು ಬೆಳ್ಳಿಯ ಕಣ್ಣು ಬಂದವು. ಕಾಳು ಸುರಿಯುವ ತೂತಿಗೆ ಕುಂಕುಮ ತುಂಬಿ ಅದನ್ನು ಬಾಯಿ ಮಾಡಿದ್ದರು. ನಂತರ ತಗಡಿನ ಮಾಡು. ದಾರಿ ಮಾರಮ್ಮ ಎಂದು ಹೆಸರಾಯಿತು. ಲಾರಿಯವರು ನಿಲ್ಲಿಸಿ ತೆಂಗಿನಕಾಯಿ ಒಡೆದರು, ಹರಕೆ ಹೊತ್ತವರು ಕುರಿ ಕಡಿದರು. ಅದು ತನ್ನ ಬೀಸುವ ಕಲ್ಲೆಂದು ಅವಳು ಯಾರಿಗೂ ಹೇಳಲಿಲ್ಲ. ಹೆತ್ತಪ್ಪ ತಿರುಗಿ ನೋಡದ ಜಾಗದಲ್ಲಿ ಪರರು ದೀಪ ಹಚ್ಚುತ್ತಿದ್ದಾರಲ್ಲ, ಹಚ್ಚಲಿ ಎಂದುಕೊಂಡಳು.

ಹೋದ ಬೇಸಿಗೆಯಲ್ಲಿ ಸುದ್ದಿ ತಂದವಳು ಶೈಲಜಾ.

"ಅಕ್ಕ, ಅಲ್ಲಿ ರೋಡು ಅಗಲ ಮಾಡ್ತಾರಂತೆ. ಬೇವಿನ ಮರಕ್ಕೆ ಬಿಳೀ ಗೀಟು ಹಾಕವ್ರೆ. ನಾನೇ ಬಸ್ಸಿನಾಗಿಂದ ನೋಡ್ದೆ."

ಕೊಟ್ರಮ್ಮ ಮೊರ ಕೆಳಗಿಟ್ಟು ನೇರ ಜಗಲಿಗೆ ಬಂದಳು. ಕೊಟ್ಟೂರಪ್ಪ ಹೊಸ ಬಿಳಿ ಜುಬ್ಬದ ಅಳತೆ ನೋಡಿಕೊಳ್ಳುತ್ತಿದ್ದ. ಪುರದವರು ನೆಲ ಮುಟ್ಟಿದ ದಿನದ ಹಬ್ಬ ಹತ್ತಿರ ಬಂದಿತ್ತು. ಬಂದವರ ಪೈಕಿ ಬದುಕಿದ್ದ ಗಂಡಸು ಅವನೊಬ್ಬನೇ. ಈ ಸಲ ವೇದಿಕೆಯ ಮೇಲಿನ ಹಿರಿಯರ ಕುರ್ಚಿ ಅವನದು.

"ಏನ್ರೀ, ನಾಳೆ ಹೋಗಾನ. ಮಗೀನ ತಗೊಂಡು ಬರಾನ."

"ಹಬ್ಬ ಮುಗೀಲಿ. ಆಮೇಲೆ ನೋಡಾನ."

"ನಲವತ್ತು ವರ್ಷದಿಂದ ಆಮೇಲೇ ನೋಡ್ತಾ ಇದೀವಿ."

"ಅಲ್ಲಿ ಕುರಿ ಕಡೀತಾರೆ ಕಣೆ. ಕಲ್ಲಿನ ದೇವರು ಬೇಡಾಂತ ಊರು ಬಿಟ್ಟು ಬಂದೋರು ನಾವು. ರಕ್ತ ಬಿದ್ದ ಕಲ್ಲು ಪುರದೊಳಗೆ ತಂದ್ರೆ ಜನ ಏನಂತಾರೆ?"

"ಕಲ್ಲು ಯಾರಿಗೆ ಬೇಕು? ನನ್ನ ಮಗು ಬೇಕು. ಸ್ಮಶಾನದಾಗೆ ನನ್ನನ್ನ ಇಡ್ತೀರಲ್ಲ, ಅದರ ಪಕ್ಕ ಒಂದು ಗೇಣು ಜಾಗ ಕೊಡ್ರಿ. ಇನ್ನೇನೂ ಕೇಳಲ್ಲ."

"ಹಬ್ಬದ ಮುಂಚೆ ಹೆಣದ ಮಣ್ಣು ಮುಟ್ಟಿದ್ರೆ ನನಗೆ ಮೈಲಿಗೆ. ಕುರ್ಚಿ ಮೇಲೆ ಕೂರೋಕಾಗಲ್ಲ."

ಬಾಗಿಲಲ್ಲಿ ನಿಂತಿದ್ದ ಶೈಲಜಾ ನಕ್ಕಳು. "ಬೇರು ಬಿಟ್ಟ ಮೇಲೆ ಅಂದಿದ್ರಂತಲ್ಲ, ಈಗ ಗೊತ್ತಾಯ್ತು ಬಿಡಕ್ಕ. ಇವರು ಬೇರು ಬಿಡೋದು ಕುರ್ಚಿಗೆ."

"ಲೇ, ಬಾಯಿ ಮುಚ್ಚು."

"ನನ್ನದೊಂದು ಮುಚ್ಚಿಸ್ತೀರಿ. ಅಕ್ಕನದು ಯಾವತ್ತೋ ಮುಚ್ಚಿಸಿದ್ರಿ. ಇಬ್ಬರು ಹೆಂಡ್ರನ್ನ ಕಟ್ಕೊಂಡಿದ್ದು ಇದಕ್ಕೇನಾ?"

ಶೈಲಜಾಳ ಮಗ ಅಮರೇಶ್ ಹಬ್ಬದ ಕಮಿಟಿಯ ಅಧ್ಯಕ್ಷ. ಅವನು ನಡುವೆ ಬಂದು ಕೊಟ್ರಮ್ಮನ ಕೈ ಹಿಡಿದ.

"ದೊಡ್ಡವ್ವ, ನೀನು ಬ್ಯಾಸರ ಮಾಡ್ಕೋಬೇಡ. ಭಾಷಣದಾಗೆ ಗಿರಿಜಕ್ಕನ ವಿಷಯ ನಾನೇ ಹೇಳ್ತೀನಿ. ಪುರಕ್ಕಾಗಿ ನೀನು ಮಾಡಿದ ಮೊದಲನೇ ತ್ಯಾಗ ಅಂತ."

"ನಾನು ತ್ಯಾಗ ಮಾಡ್ಲಿಲ್ಲಪ್ಪ. ಅವರು ಗಾಡಿ ನಿಲ್ಲಿಸ್ಲಿಲ್ಲ, ಅಷ್ಟೇ."

ಅಮರೇಶ್ ಕೈ ಬಿಟ್ಟ. ಆದರೂ ಹಬ್ಬದ ದಿನ ತ್ಯಾಗವೆಂದೇ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಕೊಟ್ಟೂರಪ್ಪ ಶಾಲು ಹೊದ್ದು ಕುರ್ಚಿಯ ಮೇಲೆ ಕೂತು ಕಣ್ಣೊರೆಸಿಕೊಂಡ. ಕೊಟ್ರಮ್ಮ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಮೈಕಿನಲ್ಲಿ ಮಗಳ ಹೆಸರು ಕೇಳಿದಾಗ ಹೋಳಿಗೆ ಮಗುಚುವುದನ್ನು ಮರೆತಳು. ಅದು ಹೆಂಚಿನ ಮೇಲೆ ಸೀದು ಹೋಯಿತು.

ಹಬ್ಬ ಮುಗಿದ ಮೇಲೆ ಕೊಟ್ಟೂರಪ್ಪನಿಗೆ ನೆಗಡಿಯಾಯಿತು. ನೆಗಡಿ ಹೋದ ಮೇಲೆ ಅಮಾವಾಸ್ಯೆ ಬಂತು. ಕೊನೆಗೆ ಶೈಲಜಾಳೇ ಅವನ ಚಪ್ಪಲಿ ತಂದು ಮುಂದಿಟ್ಟಳು. ಮೂವರೂ ಬಸ್ಸು ಹತ್ತಿದರು. ಕೊಟ್ರಮ್ಮನ ಚೀಲದಲ್ಲಿ ಒಗೆದು ಮಡಿಸಿದ ಬಿಳಿ ಪಂಚೆಯಿತ್ತು, ಎಲುಬು ಕಟ್ಟಲು.

ಬೇವಿನ ಮರ ಇರಲಿಲ್ಲ. ಅದು ನಿಂತಿದ್ದ ಕಡೆ ಹೊಸ ಡಾಂಬರು ಹೊಳೆಯುತ್ತಿತ್ತು. ರಸ್ತೆಯ ಆಚೆ ಬದಿಯಲ್ಲಿ ಸಿಮೆಂಟಿನ ಪುಟ್ಟ ಗುಡಿ ಎದ್ದಿತ್ತು. ಪಕ್ಕದಲ್ಲಿ ಟೀ ಅಂಗಡಿ. ಅಂಗಡಿಯ ಬೋರಯ್ಯನೇ ದಾರಿ ಮಾರಮ್ಮನ ಪೂಜಾರಿ.

"ಬರ್ರಿ ಅಮ್ಮಾ, ಕೂತ್ಕೊಳ್ರಿ. ಹರಕೆ ಐತಾ?"

"ಈ ತಾಯಿ ಆ ಕಡೆ ಇದ್ಲಲ್ಲಪ್ಪ?" ಎಂದಳು ಕೊಟ್ರಮ್ಮ.

"ಇದ್ಲು. ಹದಿನೈದು ದಿನದ ಹಿಂದೆ ಎತ್ತಿ ಇಲ್ಲಿಗೆ ತಂದ್ವಿ. ಕಂಟ್ರಾಕ್ಟರು ಒಳ್ಳೇ ಮನುಷ್ಯ, ಅಮ್ಮನ್ನ ಎತ್ತೋ ತನಕ ಜೆಸಿಬಿ ಹತ್ರಕ್ಕೂ ಬಿಡ್ಲಿಲ್ಲ. ಡೊಳ್ಳು ಬಡಿಸಿ, ಪೂಜೆ ಮಾಡಿ ತಂದ್ವಿ."

"ಕಲ್ಲು ಎತ್ತಿದಾಗ ಕೆಳಗೆ ಏನಾದ್ರೂ ಸಿಕ್ತಾ?"

"ಸಿಕ್ತು ನೋಡ್ರಿ, ಜೆಸಿಬಿ ಅಗೆದಾಗ ಒಂದು ಲಿಂಗ! ಅಮ್ಮ ಲಿಂಗ ಕಾಯ್ತಾ ಕೂತಿದ್ಲು ಅಂದ್ರೆ ಎಷ್ಟು ಮಹಿಮೆ ಇರಬೇಕು? ಅವಳ ಕೊರಳಿಗೇ ಕಟ್ಟೀವಿ."

"ಬೇರೆ ಏನೂ ಇರಲಿಲ್ವಾ?"

ಬೋರಯ್ಯ ನೆನಪು ಮಾಡಿಕೊಂಡ. "ಸುಣ್ಣದಂಗೆ ಒಂದಿಷ್ಟು ಬೆಳ್ಳಗೆ ಇತ್ತು. ಜೆಸಿಬಿ ಮಣ್ಣಿನ ಜೊತೆ ಬಾಚ್ಕೊಂತು. ಎಲ್ಲಾ ರೋಡಿನ ಕೆಳಗೇ ಹೋಯ್ತಲ್ಲ. ಯಾಕಮ್ಮಾ?"

ಶೈಲಜಾ ತನ್ನ ಸವತಿಯ ತೋಳು ಹಿಡಿದುಕೊಂಡಳು. ಕೊಟ್ಟೂರಪ್ಪ ಚಪ್ಪಲಿಯ ತುದಿಯಿಂದ ನೆಲ ಗೀರುತ್ತಾ ನಿಂತ.

"ಆ ಕಲ್ಲಿನ ಕೆಳಗೆ ಇದ್ದಿದ್ದು ನನ್ನ ಮಗಳು" ಎಂದಳು ಕೊಟ್ರಮ್ಮ.

ಬೋರಯ್ಯ ಸೌಟನ್ನು ಒಲೆಯ ಮೇಲಿಟ್ಟ. ಗುಡಿಯೊಳಗೆ ಹೋಗಿ, ಕರಿದಾರ ಬಿಚ್ಚಿ, ಲಿಂಗವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಅಂಗೈಗಿಟ್ಟ. "ನಮಗೆ ತಿಳೀಲಿಲ್ಲ ತಾಯಿ. ತಿಳಿದಿದ್ರೆ ಮುಟ್ಟೋಕೆ ಬಿಡ್ತಿರಲಿಲ್ಲ."

ಮಣ್ಣು ಒರೆಸಿ ನೋಡಿದಳು. ಎರಡು ಹಲ್ಲಿನ ಗುರುತು ಹಾಗೇ ಇದ್ದವು.

ಕೊಟ್ಟೂರಪ್ಪ ಗಂಟಲು ಸರಿ ಮಾಡಿಕೊಂಡು ಕೈ ಚಾಚಿದ. "ಕೊಡಿಲ್ಲಿ. ಇದನ್ನೇ ತಗೊಂಡು ಹೋಗಿ ಪುರದಾಗೆ ಮಣ್ಣು ಮಾಡಾನ. ಮಾತು ನಡೆಸಿದಂಗಾಯ್ತು."

ಕೊಟ್ರಮ್ಮ ಅದನ್ನು ಅವನ ಕೈಗೆ ಕೊಡಲಿಲ್ಲ. ಗುಡಿಯೊಳಗೆ ಹೋಗಿ, ಅರಿಶಿನ ಮೆತ್ತಿದ ಕಲ್ಲಿನ ಕೊರಳೆಂದು ಅವರು ಗುರುತಿಸಿದ್ದ ಜಾಗಕ್ಕೆ ಲಿಂಗವನ್ನು ಮತ್ತೆ ಕಟ್ಟಿ ಗಂಟು ಬಿಗಿದಳು.

"ಬುದ್ಧಿ ಕೆಟ್ಟೈತಾ ನಿನಗೆ? ಲಿಂಗಾನ ಮಾರಿ ಕೊರಳಿಗೆ ಕಟ್ತೀಯಾ?"

"ಮಾರಿ ಅಲ್ಲ ಇದು. ನನ್ನ ಬೀಸೋ ಕಲ್ಲು."

ಅವಳು ಚೀಲದಿಂದ ಬಿಳಿ ಪಂಚೆ ತೆಗೆದು ಬೋರಯ್ಯನಿಗೆ ಕೊಟ್ಟಳು. "ದೀಪದ ಬತ್ತಿಗೆ ಆಗುತ್ತೆ, ಇಟ್ಕೋ" ಎಂದಳು. ಅವನು ಟೀ ಕೊಟ್ಟ. ಶೈಲಜಾ ಅವಳ ಲೋಟವನ್ನು ಹಿಡಿದು ಕುಡಿಸಿದಳು.

ಮೊಳಕಾಲ್ಮೂರಿನ ಬಸ್ಸು ಬಂತು. ಹೆಂಗಸರಿಬ್ಬರೂ ಒಂದೇ ಸೀಟಿನಲ್ಲಿ ಕೂತರು. ಕೊಟ್ಟೂರಪ್ಪ ಹಿಂದಿನ ಸೀಟಿನಲ್ಲಿ ಪಕ್ಕದವನಿಗೆ ರಸ್ತೆ ಎಷ್ಟು ಚೆನ್ನಾಗಿ ಆಗಿದೆ ಎಂದು ಹೇಳುತ್ತಿದ್ದ. ಬಸ್ಸು ಬೇವಿನ ಮರ ಇದ್ದ ಜಾಗದ ಮೇಲೆ ಹಾದು ಹೋಯಿತು. ಗಿರಿಜೆ ಪುರಕ್ಕೆ ಬರಲಿಲ್ಲ. ಕೊಟ್ಟೂರಪ್ಪ ಕೊಟ್ಟ ಮಾತು ನಡೆಯಲಿಲ್ಲ.